ಸರ್ಪ್ಲಿಸ್: ತೊಗಲಂಗಿಯ ಮೇಲಿನ ಬಿಳಿಯಂಗಿ

ಕ್ರೈಸ್ತ ಧರ್ಮಗುರುಗಳು ಆರಾಧನೆಯ ಹೊತ್ತಿನಲ್ಲಿ ತೊಡುವ ಉಡುಪುಗಳಲ್ಲಿ ಸರ್ಪ್ಲಿಸ್ ಎಂಬುದು ಅತ್ಯಂತ ಸರಳವಾದದ್ದು. ಪಾದದವರೆಗೆ ಇಳಿಯುವ ನಿಲುವಂಗಿಯ ಮೇಲೆ ಧರಿಸುವ, ಅಗಲವಾದ ತೋಳುಗಳುಳ್ಳ, ಸೊಂಟಕ್ಕೆ ಯಾವ ಪಟ್ಟಿಯನ್ನೂ ಬಿಗಿಯದೆ ಸಡಿಲವಾಗಿ ಇಳಿಬಿಡುವ ಬಿಳಿಯ ಬಟ್ಟೆಗೆ ಈ ಹೆಸರು. ಇದನ್ನು ಪಾದ್ರಿಗಳಷ್ಟೇ ಅಲ್ಲದೆ ಗಾಯಕವೃಂದದವರೂ ಪೀಠದ ಬಳಿ ಸೇವೆ ಮಾಡುವ ಬಾಲಕರೂ ತೊಡುವುದುಂಟು. ಕಸೂತಿಯ ಚಿನ್ನದೆಳೆಯಾಗಲಿ, ಹಬ್ಬಕ್ಕೊಂದರಂತೆ ಬದಲಾಗುವ ಬಣ್ಣವಾಗಲಿ ಇದಕ್ಕಿಲ್ಲ. ಹೀಗಿದ್ದೂ ಕ್ರೈಸ್ತ ಉಡುಪುಗಳ ಚರಿತ್ರೆಯಲ್ಲಿ ಇದರಷ್ಟು ವಾದಕ್ಕೆ ಗುರಿಯಾದ ಬಟ್ಟೆ ಇನ್ನೊಂದಿಲ್ಲವೆಂದೇ ಹೇಳಬೇಕು. ಇದನ್ನು ತೊಡಲೊಲ್ಲದೆ ಹುದ್ದೆ ಕಳೆದುಕೊಂಡವರಿದ್ದಾರೆ, ಇದನ್ನು ತೊಟ್ಟು ಉಪದೇಶ ಮಾಡಿದ್ದಕ್ಕಾಗಿ ಬೀದಿಯಲ್ಲಿ ಜನರ ಕೂಗಾಟಕ್ಕೆ ಸಿಕ್ಕವರೂ ಇದ್ದಾರೆ. ಈ ಬಟ್ಟೆ ಹುಟ್ಟಿದ್ದು ಯಾವ ಧರ್ಮಸೂತ್ರದಿಂದಲೂ ಅಲ್ಲ, ಚಳಿಯಿಂದ ಎಂಬ ಸಂಗತಿಯನ್ನು ಅದರ ಹೆಸರೇ ಕಾಪಿಟ್ಟುಕೊಂಡು ಬಂದಿದೆ.

ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಒಂದು ಹೆಸರಿಲ್ಲ. ಒಳಗಿನ ಉದ್ದನೆಯ ಉಡುಪನ್ನು ನಿಲುವಂಗಿ ಎನ್ನುವುದು ವಾಡಿಕೆ. ಇಂಗ್ಲಿಷಿನ ಕ್ಯಾಸಕ್ ಎಂಬ ಪದವೂ ಬಳಕೆಯಲ್ಲಿದೆ. ಕರಾವಳಿಯ ಕೊಂಕಣಿ ಮಾತನಾಡುವ ಕ್ರೈಸ್ತರಲ್ಲಿ ಅದೇ ಉಡುಪಿಗೆ ಲೋಬ್ ಎಂಬ ಹೆಸರಿದ್ದು, ಅದು ಪೋರ್ಚುಗೀಸರ ಲೋಬ ಎಂಬ ಪದದಿಂದ ಬಂದದ್ದು. ಮೇಲಿನ ಬಿಳಿಯ ಬಟ್ಟೆಯನ್ನು ಮೇಲಂಗಿ ಎಂದರೆ ಅರ್ಥ ಕೆಡುವುದಿಲ್ಲ, ಆದರೆ ಮೂಲಪದ ಹೇಳುವುದರಲ್ಲಿ ಅರ್ಧ ಮಾತ್ರ ಅದರಲ್ಲಿ ಉಳಿಯುತ್ತದೆ. ಆ ಇನ್ನರ್ಧವೇ ಈ ಬರೆಹದ ವಿಷಯಕ್ಕೆ ಮುಖ್ಯವಾದದ್ದರಿಂದ ಇಲ್ಲಿ ಸರ್ಪ್ಲಿಸ್ ಎಂಬ ರೂಪವನ್ನೇ ಉಳಿಸಿಕೊಳ್ಳಲಾಗಿದೆ.

ಮಧ್ಯಯುಗದ ಲ್ಯಾಟಿನ್ನಿನಲ್ಲಿ ಈ ಬಟ್ಟೆಯ ಹೆಸರು ಸೂಪರ್‌ಪೆಲ್ಲಿಸಿಯುಮ್. ಸೂಪರ್ ಎಂದರೆ ಮೇಲೆ; ಪೆಲ್ಲಿಸ್ ಎಂದರೆ ಪ್ರಾಣಿಯ ತೊಗಲು; ಪೆಲ್ಲಿಸಿಯುಮ್ ಎಂದರೆ ತುಪ್ಪಳವನ್ನು ತೆಗೆಯದೆ ಹಾಗೆಯೇ ಉಳಿಸಿದ ತೊಗಲಿನಿಂದ ಮಾಡಿದ ಅಥವಾ ಅಂಥ ತೊಗಲನ್ನು ಒಳಗೆ ಕೊಟ್ಟು ಹೊಲಿದ ಅಂಗಿ. ಒಟ್ಟಿನಲ್ಲಿ ತೊಗಲಂಗಿಯ ಮೇಲೆ ತೊಡುವಂಥದ್ದು ಎಂಬುದೇ ಇಡೀ ಪದದ ಅರ್ಥ. ಲ್ಯಾಟಿನ್ನಿನ ಸೂಪರ್ ಎಂಬುದು ಫ್ರೆಂಚರ ಬಾಯಲ್ಲಿ ಸವೆದು ಸುರ್ ಆಯಿತು, ಪೆಲ್ಲಿಸಿಯುಮ್ ಎಂಬುದು ಪೆಲಿಸ್ ಆಗಿ ಮತ್ತೂ ಕುಗ್ಗಿ ಪ್ಲಿಸ್ ಆಯಿತು. ಹೀಗೆ ಹುಟ್ಟಿದ ಸುರ್ಪ್ಲಿ ಎಂಬ ಫ್ರೆಂಚ್ ಮಾತು, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಭಾಷೆಯ ಮೂಲಕ ಅಲ್ಲಿಗೆ ದಾಟಿ, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನ ಸರ್ಪ್ಲಿಸ್ ಆಗಿ ನೆಲೆಸಿತು. ಈ ಸರ್ ಎಂಬ ಮೊದಲ ತುಂಡು ಕನ್ನಡಿಗರಿಗೆ ಹೊಸದಲ್ಲ. ಮೂಲ ದರದ ಮೇಲೆ ಇನ್ನಷ್ಟು ಸೇರಿಸಿ ವಸೂಲು ಮಾಡುವ ಸರ್‌ಚಾರ್ಜಿನಲ್ಲಿಯೂ, ಬೇಕಾದುದಕ್ಕಿಂತ ಮೇಲೆ ಉಳಿಯುವ ಸರ್‌ಪ್ಲಸ್ಸಿನಲ್ಲಿಯೂ ಇರುವುದು ಇದೇ. ಸರ್‌ಪ್ಲಸ್ಸಿಗೂ ಸರ್ಪ್ಲಿಸ್ಸಿಗೂ ಉಚ್ಚಾರದಲ್ಲಿ ಅಂತರ ಬಹಳ ಕಡಿಮೆಯಾದರೂ ಮೊದಲ ಭಾಗವನ್ನು ಬಿಟ್ಟರೆ ಅವುಗಳ ನಡುವೆ ಸಂಬಂಧವಿಲ್ಲ.

ಸ್ಪೇನಿನವರು ಇದನ್ನು ಸೋಬ್ರೆಪೆಲಿಸ್ ಎನ್ನುತ್ತಾರೆ, ಪೋರ್ಚುಗೀಸರ ಹೆಸರೂ ಅದಕ್ಕೆ ಸಮೀಪದ್ದೇ. ಎರಡರಲ್ಲಿಯೂ ತೊಗಲು ಎಂಬ ಅರ್ಥ ಸ್ಪಷ್ಟವಾಗಿ ಕಾಣುತ್ತದೆ. ಜರ್ಮನರಾದರೋ ಇದನ್ನು ಕೋರ್‌ಹೆಮ್ಡ್, ಅಂದರೆ ಗಾಯಕರ ಅಂಕಣದಲ್ಲಿ ತೊಡುವ ಅಂಗಿ ಎಂದು ಕರೆದು, ಬಟ್ಟೆಯನ್ನು ಅದರ ಒಳಗಿರುವುದರಿಂದ ಗುರುತಿಸದೆ ಅದನ್ನು ತೊಡುವ ಸ್ಥಳದಿಂದ ಗುರುತಿಸಿದರು. ಆದರೆ ಪೆಲ್ಲಿಸ್ ಎಂಬ ಧಾತು ಅವರ ಭಾಷೆಯನ್ನೂ ಬಿಟ್ಟಿಲ್ಲ. ತುಪ್ಪಳದ ಉಡುಪಿಗೆ ಅವರು ಹೇಳುವ ಪೆಲ್ಟ್ಸ್ ಎಂಬ ಪದ ಅದೇ ಬೇರಿನದು. ಹಳೆಯ ಇಂಗ್ಲಿಷಿನಲ್ಲಿ ತೊಗಲಂಗಿಗೆ ಇದ್ದ ಪಿಲ್ಚ್ ಎಂಬ ಹೆಸರೂ, ಫ್ರೆಂಚರ ಪೆಲಿಸ್ ಎಂಬ ತುಪ್ಪಳದ ಮೇಲಂಗಿಯ ಹೆಸರೂ ಅದೇ ಮನೆತನಕ್ಕೆ ಸೇರಿದವು. ಯೂರೋಪಿನ ಇಷ್ಟೊಂದು ಭಾಷೆಗಳು ಒಂದೇ ಲ್ಯಾಟಿನ್ ಪದವನ್ನು ಹಂಚಿಕೊಂಡಿರುವುದು ಆ ವಸ್ತು ಅಲ್ಲಿನ ದಿನಬಳಕೆಯಲ್ಲಿ ಎಷ್ಟು ಅನಿವಾರ್ಯವಾಗಿತ್ತು ಎಂಬುದನ್ನು ತೋರಿಸುತ್ತದೆ.

ಆ ಅನಿವಾರ್ಯತೆಯನ್ನು ತಿಳಿಯಬೇಕಾದರೆ ಮಧ್ಯಯುಗದ ಉತ್ತರ ಯೂರೋಪಿನ ದೊಡ್ಡ ದೇವಾಲಯಗಳು ಹೇಗಿದ್ದವು ಎಂಬುದನ್ನು ನೆನೆಯಬೇಕು. ಎತ್ತರದ ಕಮಾನುಗಳ, ದಪ್ಪ ಕಲ್ಲಿನ ಗೋಡೆಗಳ ಆ ಕಟ್ಟಡಗಳನ್ನು ಬೆಚ್ಚಗಿಡುವ ಯಾವ ಏರ್ಪಾಡೂ ಇರಲಿಲ್ಲ. ಅಲ್ಲಿ ಪ್ರಾರ್ಥನೆಯೆಂದರೆ ವಾರಕ್ಕೊಮ್ಮೆ ನಡೆದು ಮುಗಿಯುವ ಕಾರ್ಯವೂ ಅಲ್ಲ. ಕ್ಯಾನನ್ನರು ಎಂದು ಕರೆಯಲಾಗುವ, ಒಂದು ಪ್ರಧಾನ ದೇವಾಲಯಕ್ಕೆ ಸೇರಿದ್ದು ನಿಯಮಕ್ಕೆ ಒಳಪಟ್ಟು ಬಾಳುವ ಪಾದ್ರಿಗಳು, ಹಗಲಿರುಳಿನ ಗೊತ್ತಾದ ವೇಳೆಗಳಲ್ಲಿ ಒಟ್ಟಾಗಿ ಸೇರಿ ಕೀರ್ತನೆಗಳನ್ನು ಹಾಡಬೇಕಾಗಿತ್ತು. ಅವುಗಳಲ್ಲಿ ಅತ್ಯಂತ ದೀರ್ಘವಾದ ಪ್ರಾರ್ಥನೆ ಬೀಳುತ್ತಿದ್ದದ್ದು ಬೆಳಕು ಹರಿಯುವುದಕ್ಕೆ ಬಹಳ ಮುಂಚೆ. ಹಿಮ ಬೀಳುವ ತಿಂಗಳುಗಳಲ್ಲಿ ಕಲ್ಲಿನ ನೆಲದ ಮೇಲೆ ಗಂಟೆಗಟ್ಟಲೆ ನಿಂತು ಹಾಡುವವನು ತೊಗಲಿನ ಅಂಗಿಯಿಲ್ಲದೆ ಆರೋಗ್ಯವಾಗಿ ಉಳಿಯುವಂತಿರಲಿಲ್ಲ. ಆದ್ದರಿಂದ ಕುರಿಯ ತೊಗಲಿನ, ಅನುಕೂಲವಿದ್ದ ಕಡೆ ಇನ್ನೂ ನಯವಾದ ತುಪ್ಪಳದ ಅಂಗಿಗಳು ಪಾದ್ರಿಗಳ ನಿತ್ಯದ ಉಡುಪಾದವು.

ಆದರೆ ಆರಾಧನೆಗೆ ನಿಲ್ಲುವವನ ಮೈಮೇಲೆ ಬಿಳಿಯ ಬಟ್ಟೆ ಕಾಣಬೇಕೆಂಬ ರೂಢಿ ಅದಕ್ಕಿಂತ ಹಳೆಯದು. ಅದಕ್ಕಾಗಿ ಇದ್ದ ಉಡುಪು ಆಲ್ಬ್. ಲ್ಯಾಟಿನ್ನಿನಲ್ಲಿ ಆಲ್ಬ ಎಂದರೆ ಬಿಳಿಯದು ಎಂದಷ್ಟೇ ಅರ್ಥ. ರೋಮನ್ ಕಾಲದ ಸಾಮಾನ್ಯ ಒಳಂಗಿಯಿಂದ ಬೆಳೆದ ಈ ಆಲ್ಬಿನ ತೋಳುಗಳು ಬಿಗಿ, ಮೈ ಕಿರಿದು, ಸೊಂಟಕ್ಕೆ ಹುರಿ ಬಿಗಿಯಬೇಕು. ದಪ್ಪನೆಯ ತೊಗಲಂಗಿ ತೊಟ್ಟವನು ಅದರೊಳಗೆ ತೋಳು ತೂರಿಸುವುದೇ ಕಷ್ಟ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಅದೇ ನಾರುಮಡಿಯಿಂದ, ಅಂದರೆ ಅಗಸೆಯ ನಾರಿನಿಂದ ನೇಯ್ದ ಬಟ್ಟೆಯಿಂದ, ಕತ್ತು, ತೋಳು, ಮೈಗಳನ್ನೆಲ್ಲ ಸಾಕಷ್ಟು ಅಗಲಿಸಿ, ನಡುವಿನ ಹುರಿಯನ್ನು ಬಿಟ್ಟು ಹೊಲಿದ ಹೊಸ ಅಂಗಿ. ಇಂದಿಗೂ ಸರ್ಪ್ಲಿಸ್ಸಿನ ತೋಳುಗಳು ಏಕೆ ಅಷ್ಟು ಅಗಲ, ಅದಕ್ಕೆ ಸೊಂಟಪಟ್ಟಿ ಏಕಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. 11ನೆಯ ಶತಮಾನದ ನಡುಭಾಗದಲ್ಲಿ ಸ್ಪೇನಿನಲ್ಲಿ ನೆರೆದ ಒಂದು ಧರ್ಮಸಭೆಯ ಕಟ್ಟಳೆಯಲ್ಲಿ ಈ ಹೆಸರು ಕಾಣಿಸಿಕೊಳ್ಳುತ್ತದೆ. ಫ್ರಾನ್ಸ್ ಮತ್ತು ಇಂಗ್ಲೆಂಡುಗಳಲ್ಲಿಯೂ ಅದೇ ಶತಮಾನದಲ್ಲಿ ಅದು ಪರಿಚಿತವಾಗಿತ್ತು. ಬೆಚ್ಚಗಿನ ಇಟಲಿಗೆ ಮಾತ್ರ ಅದು ಸ್ವಲ್ಪ ತಡವಾಗಿ ತಲುಪಿದ್ದು ಸಹಜವಾಗಿಯೇ ಇದೆ.

ಕಾಲ ಕಳೆದಂತೆ ಒಳಗಿನ ತೊಗಲು ಹೋಯಿತು. ತುಪ್ಪಳದ ಅಂಗಿಯ ಜಾಗಕ್ಕೆ ಉಣ್ಣೆಯ ನಿಲುವಂಗಿ ಬಂದು, ಅದೇ ಈಗಿನ ಕ್ಯಾಸಕ್ ಆಯಿತು. ಈ ಕ್ಯಾಸಕ್ ಎಂಬ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ; ಒಳಗೆ ಕಚ್ಚಾ ರೇಷ್ಮೆಯನ್ನು ತುಂಬಿ ಹೊಲಿದ ಕುಪ್ಪಸಕ್ಕೆ ಪಾರಸಿಯಲ್ಲಿದ್ದ ಹೆಸರಿನಿಂದ ಅದು ಬಂದಿತೆಂದು ಕೆಲವರೂ, ಕೊಸಾಕರೆಂಬ ಕುದುರೆಸವಾರರ ಹೆಸರಿಗೂ ಅದಕ್ಕೂ ನಂಟಿದೆಯೆಂದು ಕೆಲವರೂ ಹೇಳುತ್ತಾರೆ. ಸರ್ಪ್ಲಿಸ್ಸಿನ ವಿಷಯದಲ್ಲಿ ಅಂಥ ಗೊಂದಲಕ್ಕೆ ಎಡೆಯಿಲ್ಲ. ತೊಗಲು ಮಾಯವಾದ ಮೇಲೂ ಹೆಸರು ತೊಗಲನ್ನು ಬಿಡಲಿಲ್ಲ. ಕನ್ನಡದ ಎಣ್ಣೆ ಎಂಬ ಪದ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಎಂಬ ಅರ್ಥದಿಂದ ಹುಟ್ಟಿದ್ದರೂ ಕಡಲೆಕಾಯಿಯದಕ್ಕೂ ತೆಂಗಿನದಕ್ಕೂ ಕೊನೆಗೆ ಸೀಮೆಯಿಂದ ಬಂದ ದೀಪದ ದ್ರವಕ್ಕೂ ಅದೇ ಹೆಸರು ನಿಂತಂತೆ, ಇಲ್ಲಿಯೂ ವಸ್ತು ಬದಲಾದರೂ ಪದ ತನ್ನ ಮೊದಲ ನೆಲೆಯ ಗುರುತನ್ನು ಹೊತ್ತೇ ಮುಂದೆ ಸಾಗಿತು.

ಆದರೆ ಬಟ್ಟೆಯ ಹುಟ್ಟಿನ ಕಾರಣ ಮರೆತುಹೋಗುವುದಕ್ಕೆ ಮುಂಚೆಯೇ ಅದಕ್ಕೆ ಧಾರ್ಮಿಕ ಅರ್ಥವನ್ನು ಕಾಣಿಸಿದ ವಿದ್ವಾಂಸನೊಬ್ಬನಿದ್ದ. ದಕ್ಷಿಣ ಫ್ರಾನ್ಸಿನ ಮಾಂದ್ ಎಂಬಲ್ಲಿ ಬಿಷಪ್ಪನಾಗಿದ್ದು 1296ರಲ್ಲಿ ತೀರಿಕೊಂಡ ದುರಾಂದುಸ್, ಆರಾಧನೆಯ ಪ್ರತಿಯೊಂದು ಅಂಗಕ್ಕೂ ಅರ್ಥ ಹೇಳುವ ಒಂದು ದೊಡ್ಡ ಗ್ರಂಥವನ್ನು ಬರೆದನು. ಮುದ್ರಣಯಂತ್ರ ಬಂದ ಮೊದಲ ವರ್ಷಗಳಲ್ಲಿಯೇ, 1459ರಲ್ಲಿ, ಮೈಂಟ್ಸ್ ನಗರದಲ್ಲಿ ಅಚ್ಚಾದ ಗ್ರಂಥ ಅದು. ಸರ್ಪ್ಲಿಸ್ ಹಿಂದೆ ಸತ್ತ ಪ್ರಾಣಿಗಳ ತೊಗಲಿನ ಅಂಗಿಯ ಮೇಲೆ ಧರಿಸುವಂಥದ್ದಾಗಿತ್ತು ಎಂಬ ಸಂಗತಿಯನ್ನು ಆತ ಮುಚ್ಚಿಡುವುದಿಲ್ಲ. ಬೈಬಲಿನ ಆದಿಕಾಂಡದಲ್ಲಿ ಆದಾಮನು ಪಾಪದಲ್ಲಿ ಬಿದ್ದ ಮೇಲೆ ದೇವರು ಅವನಿಗೆ ಚರ್ಮದ ಅಂಗಿಯನ್ನು ತೊಡಿಸಿದ ಪ್ರಸಂಗವಿದೆಯಷ್ಟೆ. ಒಳಗಿನ ತೊಗಲು ಆ ಪತನವನ್ನು ನೆನಪಿಗೆ ತರುತ್ತದೆ, ಮೇಲಿನ ಬಿಳುಪು ಮರಳಿ ದೊರೆತ ನಿರ್ಮಲತೆಯನ್ನು ಸೂಚಿಸುತ್ತದೆ ಎಂಬ ದಿಕ್ಕಿನಲ್ಲಿ ಅವನ ವಿವರಣೆ ನಡೆಯುತ್ತದೆ. ಚಳಿಗಾಗಿ ಹುಟ್ಟಿದ ಬಟ್ಟೆಗೆ ಹೀಗೆ ಅರ್ಥ ಹಚ್ಚುವುದನ್ನು ಇಂದಿನ ಓದುಗರು ಕೃತಕವೆಂದು ತಳ್ಳಿಹಾಕಬಹುದು. ಆದರೆ ದುರಾಂದುಸ್ ಚರಿತ್ರೆಯನ್ನು ಅಳಿಸಿ ಅದರ ಮೇಲೆ ಸಂಕೇತವನ್ನು ಬರೆಯಲಿಲ್ಲ; ಚರಿತ್ರೆಯನ್ನು ತಿಳಿದೇ, ಅದರೊಳಗಿನಿಂದಲೇ ಸಂಕೇತವನ್ನು ಎತ್ತಿಕೊಂಡನು. ಈ ಪ್ರಾಮಾಣಿಕತೆ ಅವನ ನಂತರ ಇದೇ ಬಟ್ಟೆಯ ಬಗ್ಗೆ ಜಗಳವಾಡಿದ ಅನೇಕರಲ್ಲಿ ಕಾಣುವುದಿಲ್ಲ.

ಒಳಗಿದ್ದ ತುಪ್ಪಳ ಪೂರ್ತಿಯಾಗಿ ಕಾಣೆಯಾಗಲೂ ಇಲ್ಲ. ಕ್ಯಾನನ್ನರು ಹಾಡುವಾಗ ತಲೆ ಮತ್ತು ಹೆಗಲಿಗೆ ಹೊದೆಯುತ್ತಿದ್ದ ಆಲ್ಮ್ಯೂಸ್ ಎಂಬ ತುಪ್ಪಳದ ಹೊದಿಕೆ ಸರ್ಪ್ಲಿಸ್ಸಿನ ಮೇಲೆ ಬರತೊಡಗಿ, ಕ್ರಮೇಣ ಪದವಿಯ ಗುರುತೇ ಆಗಿಬಿಟ್ಟಿತು; ಯಾವ ದರ್ಜೆಯವನು ಯಾವ ತುಪ್ಪಳ ತೊಡಬೇಕೆಂಬ ನಿಯಮಗಳೂ ಹುಟ್ಟಿದವು. ಬಿಳಿಯ ಬಟ್ಟೆಯ ಅಳತೆಯೂ ಒಂದೇ ಸಮ ಉಳಿಯಲಿಲ್ಲ. ಮೊದಲು ಪಾದವನ್ನು ಮುಟ್ಟುತ್ತಿದ್ದ ಅದು 13ನೆಯ ಶತಮಾನದಿಂದ ಮೇಲೇರುತ್ತ ಬಂದು, 15ನೆಯ ಶತಮಾನದಲ್ಲಿ ಮೊಣಕಾಲಿನ ಕೆಳಗೆ ನಿಂತು, ಇಟಲಿಯಲ್ಲಿ ಇನ್ನೂ ಚಿಕ್ಕದಾಗಿ ಸೊಂಟದ ಆಸುಪಾಸಿಗೆ ಬಂದಿತು. ಈ ಗಿಡ್ಡ ರೂಪಕ್ಕೆ ಅಲ್ಲಿ ಕೊತ್ತ ಎಂದು ಹೆಸರು. ಈ ಕೊತ್ತ, ಹಳೆಯ ಫ್ರೆಂಚಿನ ಕೋಟ್, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಕೋಟು, ಮೂರೂ ಒಂದೇ ಜರ್ಮಾನಿಕ್ ಮೂಲದವು. ಬಿಷಪ್ಪರು ತೊಡುವ ಬಿಗಿ ತೋಳಿನ ಬಿಳಿಯಂಗಿಯಾದ ರೋಷೆಟ್ಟಿನ ಕತೆ ಇದಕ್ಕಿಂತಲೂ ವಿಚಿತ್ರ: ಆಸ್ಟ್ರಿಯಾದ ಕ್ಲೋಸ್ಟರ್‌ನೊಯ್‌ಬುರ್ಗ್ ಮಠದ ಕ್ಯಾನನ್ನರಲ್ಲಿ ಅಂಥ ಉಡುಪು ಕಿರಿದಾಗುತ್ತ ಹೋಗಿ, ದಿನನಿತ್ಯದ ಬಳಕೆಗೆ ಎದೆಯ ಮೇಲೂ ಬೆನ್ನ ಮೇಲೂ ಇಳಿಯುವ ಒಂದು ಬಿಳಿಯ ಪಟ್ಟಿಯಾಗಿ ಉಳಿದಿದೆ. ಇಂಗ್ಲೆಂಡಿನಲ್ಲಿ ಮಾತ್ರ ಸರ್ಪ್ಲಿಸ್ ಹೆಚ್ಚು ಕುಗ್ಗಲಿಲ್ಲ. ಆದರೆ 17 ಮತ್ತು 18ನೆಯ ಶತಮಾನಗಳಲ್ಲಿ ಪಾದ್ರಿಗಳೂ ಕೃತಕ ಕೂದಲಿನ ದೊಡ್ಡ ಟೋಪನ್ನು ಧರಿಸತೊಡಗಿದಾಗ, ಅದು ಕೆಡದಂತೆ ತೊಡಲು ಅನುಕೂಲವಾಗಲೆಂದು ಬಟ್ಟೆಯನ್ನು ಮುಂಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳಿ ಗುಂಡಿ ಇಟ್ಟರು.

ಈ ಬಟ್ಟೆ ಜನರ ಮನಸ್ಸಾಕ್ಷಿಯ ಪ್ರಶ್ನೆಯಾದದ್ದು 16ನೆಯ ಶತಮಾನದ ಇಂಗ್ಲೆಂಡಿನಲ್ಲಿ. ರೋಮಿನ ಪೋಪರ ಅಧಿಕಾರದಿಂದ ಹೊರಬಂದ ಇಂಗ್ಲೆಂಡಿನ ಸಭೆ 1549ರಲ್ಲಿ ಇಂಗ್ಲಿಷಿನ ಪ್ರಾರ್ಥನಾ ಪುಸ್ತಕವನ್ನು ಹೊರತಂದಾಗ ಹಳೆಯ ಉಡುಪುಗಳಲ್ಲಿ ಹಲವನ್ನು ಉಳಿಸಿಕೊಂಡಿತ್ತು. 1552ರ ಪರಿಷ್ಕರಣದಲ್ಲಿ ಉಳಿದವುಗಳನ್ನೆಲ್ಲ ತೆಗೆದು, ಪಾದ್ರಿಗೆ ಸರ್ಪ್ಲಿಸ್, ಬಿಷಪ್ಪನಿಗೆ ರೋಷೆಟ್, ಇಷ್ಟೇ ಸಾಕೆಂದು ವಿಧಿಸಲಾಯಿತು. ಸುಧಾರಣೆಯನ್ನು ನಡೆಸುತ್ತಿದ್ದವರ ದೃಷ್ಟಿಯಲ್ಲಿ ಇದು ಅತ್ಯಲ್ಪಕ್ಕೆ ಇಳಿದ ನಿಲುವು. ಆದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಇದ್ದು ಅಲ್ಲಿನ ಸಭೆಯ ನಿರಾಭರಣ ರೀತಿಯನ್ನು ಕಂಡು ಮರಳಿದವರಿಗೆ ಅಷ್ಟೂ ಹೆಚ್ಚಾಗಿ ತೋರಿತು. ಅಂಥವರಲ್ಲಿ ಒಬ್ಬನಾದ ಜಾನ್ ಹೂಪರ್, ಈ ಪರಿಷ್ಕರಣಕ್ಕೂ ಮುಂಚೆಯೇ, 1550ರಲ್ಲಿ ಗ್ಲಾಸ್ಟರಿನ ಬಿಷಪ್ ಪದವಿ ತನಗೆ ಒದಗಿ ಬಂದಾಗ, ಅದಕ್ಕೆ ವಿಧಿಸಿದ ಉಡುಪುಗಳನ್ನು ತೊಡಲು ನಿರಾಕರಿಸಿದನು. ಲಂಡನ್ನಿನ ಬಿಷಪ್ಪನಾದ ರಿಡ್ಲಿ ಅವನನ್ನು ವಿರೋಧಿಸಿದನು. ಇಂಗ್ಲೆಂಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಬೂಟ್ಸರ್ ಮತ್ತು ಪೀಟರ್ ಮಾರ್ಟರ್ ಎಂಬ ಹೊರನಾಡಿನ ಹಿರಿಯ ಸುಧಾರಕರು ಕೂಡ ಇಂಥ ಸಂಗತಿಯಲ್ಲಿ ಹಟ ಬೇಡವೆಂದರು. ಹೂಪರ್ ಕೇಳಲಿಲ್ಲ. 1551ರ ಜನವರಿಯಲ್ಲಿ ಅವನನ್ನು ಲಂಡನ್ನಿನ ಫ್ಲೀಟ್ ಸೆರೆಮನೆಗೆ ಕಳುಹಿಸಲಾಯಿತು. ಕೆಲವು ವಾರಗಳ ನಂತರ ಮಣಿದು, ಮಾರ್ಚಿಯಲ್ಲಿ ಅದೇ ಉಡುಪನ್ನು ತೊಟ್ಟು ಅವನು ದೀಕ್ಷೆ ಪಡೆದನು. ಐದು ವರ್ಷ ಕಳೆಯುವುದರೊಳಗೆ, ಕ್ಯಾಥೊಲಿಕ್ ರಾಣಿ ಮೇರಿಯ ಆಳ್ವಿಕೆಯಲ್ಲಿ, 1555ರ ಫೆಬ್ರವರಿಯಲ್ಲಿ ಹೂಪರನನ್ನೂ ಅದೇ ವರ್ಷದ ಅಕ್ಟೋಬರಿನಲ್ಲಿ ರಿಡ್ಲಿಯನ್ನೂ ಜೀವಂತ ಸುಟ್ಟರು. ಬಟ್ಟೆಯ ವಿಷಯದಲ್ಲಿ ಎದುರಾಳಿಗಳಾಗಿದ್ದ ಇಬ್ಬರ ಸಾವು ಒಂದೇ ನಂಬಿಕೆಗಾಗಿ ಆದದ್ದನ್ನು ನೋಡಿದರೆ ಆ ಹಿಂದಿನ ವಾದ ಎಷ್ಟು ಸಣ್ಣದೆನಿಸುತ್ತದೆ; ಆದರೂ ವಾದ ಅಲ್ಲಿಗೆ ಮುಗಿಯಲಿಲ್ಲ.

ಎಲಿಜಬೆತ್ ರಾಣಿಯ ಕಾಲದಲ್ಲಿ ಅದು ಮತ್ತೆ ಹೊತ್ತಿಕೊಂಡಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ 1566ರಲ್ಲಿ ಉಡುಪಿನ ನಿಯಮಗಳನ್ನು ಪ್ರಕಟಿಸಿ, ಆ ವರ್ಷದ ಮಾರ್ಚಿಯಲ್ಲಿ ಲಂಡನ್ನಿನ ಪಾದ್ರಿಗಳನ್ನು ಲ್ಯಾಂಬೆತ್ ಅರಮನೆಗೆ ಕರೆಸಿದನು. ಅಲ್ಲಿ ನಿಯಮದಂತೆ ಉಡುಪು ತೊಟ್ಟ ಪಾದ್ರಿಯೊಬ್ಬನನ್ನು ಎಲ್ಲರ ಮುಂದೆ ಮಾದರಿಯಾಗಿ ನಿಲ್ಲಿಸಿ, ಚರ್ಚೆಗೆ ಅವಕಾಶ ಕೊಡದೆ, ಪ್ರತಿಯೊಬ್ಬನೂ ಒಪ್ಪಿದೆ ಅಥವಾ ಒಪ್ಪೆ ಎಂದು ಲ್ಯಾಟಿನ್ನಿನ ಒಂದೇ ಮಾತಿನಲ್ಲಿ ಉತ್ತರಿಸಬೇಕೆಂದು ಆಜ್ಞಾಪಿಸಲಾಯಿತು. 61 ಮಂದಿ ಒಪ್ಪಿದರು, 37 ಮಂದಿ ಒಪ್ಪಲಿಲ್ಲ. ಒಪ್ಪದವರನ್ನು ಕೂಡಲೇ ಸೇವೆಯಿಂದ ನಿಲ್ಲಿಸಲಾಯಿತು, ಅವರ ವರಮಾನಕ್ಕೂ ತಡೆ ಬಿತ್ತು. ಅವರಲ್ಲಿ ಒಳ್ಳೆಯ ಉಪದೇಶಕರಿದ್ದರೆಂಬುದನ್ನು ಪಾರ್ಕರನೇ ಒಪ್ಪಿಕೊಂಡಿದ್ದನು. ಇಂಗ್ಲೆಂಡಿನ ಸಭೆಯನ್ನು ಇನ್ನೂ ಶುದ್ಧಗೊಳಿಸಬೇಕೆಂದು ಬಯಸಿದವರಿಗೆ ಪ್ಯೂರಿಟನ್ನರು ಎಂಬ ಹೆಸರು ಅಂಟಿಕೊಂಡದ್ದೂ ಇದೇ ದಶಕದಲ್ಲಿ.

ಈ ವಾದದ ತಿರುಳು ಒಂದು ಗ್ರೀಕ್ ಮಾತಿನಲ್ಲಿದೆ. ಅಡಿಯಾಫೊರ ಎಂದರೆ ದೇವರ ವಾಕ್ಯ ವಿಧಿಸಿಯೂ ಇಲ್ಲದ, ನಿಷೇಧಿಸಿಯೂ ಇಲ್ಲದ, ಆದ್ದರಿಂದ ಮಾಡಿದರೂ ಬಿಟ್ಟರೂ ದೋಷವಿಲ್ಲದ ಸಂಗತಿಗಳು. ಸರ್ಪ್ಲಿಸ್ ಅಂಥದ್ದು ಎಂಬುದನ್ನು ಪಾರ್ಕರನ ಪಕ್ಷದವರೂ ಹೇಳಿದರು, ವಿರೋಧಿಗಳಲ್ಲಿ ಅನೇಕರೂ ಹೇಳಿದರು. ಆದರೆ ಒಂದೇ ಮಾತಿನಿಂದ ಎರಡು ತೀರ್ಮಾನಗಳು ಹೊರಟವು. ದೋಷವಿಲ್ಲದ್ದಾದರೆ ರಾಣಿಯ ಆಜ್ಞೆಗೆ ವಿಧೇಯರಾಗಿ ತೊಡುವುದರಲ್ಲಿ ತಪ್ಪೇನು ಎಂದರು ಒಂದು ಕಡೆಯವರು. ದೇವರು ಕೇಳದ್ದನ್ನು ಬಲವಂತವಾಗಿ ಹೇರಿದೊಡನೆಯೇ ಅದು ದೋಷವಿಲ್ಲದ್ದಾಗಿ ಉಳಿಯುವುದಿಲ್ಲ, ಹಳೆಯ ಪೂಜೆಯ ನೆನಪನ್ನು ಮೈಮೇಲೆ ಹೊತ್ತ ಪಾದ್ರಿಯನ್ನು ಕಂಡು ಬಡ ವಿಶ್ವಾಸಿ ದಾರಿ ತಪ್ಪುತ್ತಾನೆ ಎಂದರು ಇನ್ನೊಂದು ಕಡೆಯವರು. ಜ್ಯೂರಿಕ್ಕಿನ ಸಭೆಯ ಮುಖ್ಯ ಪಾದ್ರಿಯಾದ ಬುಲ್ಲಿಂಗರನನ್ನು ಪ್ಯೂರಿಟನ್ನರು ಸಲಹೆ ಕೇಳಿದಾಗ, ಬಟ್ಟೆಗಾಗಿ ಸಭೆಯನ್ನೇ ಕೈಬಿಟ್ಟು ಹೋಗುವುದು ಸರಿಯಲ್ಲವೆಂದು ಆತ ಬರೆದನು. ಆ ಪತ್ರವನ್ನು ಅಧಿಕಾರಸ್ಥರು ಅಚ್ಚು ಹಾಕಿಸಿ ಹಂಚಿ ತಮ್ಮ ಪಕ್ಷಕ್ಕೆ ಬಳಸಿಕೊಂಡರು. ಕೊನೆಗೆ ಇಂಗ್ಲೆಂಡಿನ ಸಭೆಯ ವಿದ್ವಾಂಸನಾದ ರಿಚರ್ಡ್ ಹೂಕರ್ 1597ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಐದನೆಯ ಭಾಗದಲ್ಲಿ ಈ ಉಡುಪಿನ ಪರವಾಗಿ ಶಾಂತವಾದ, ವಿಸ್ತಾರವಾದ ವಾದವನ್ನು ಮಂಡಿಸಿದನು. ಇಷ್ಟೆಲ್ಲ ಬರೆಹಗಳ ನಡುವೆ ಈ ಬಟ್ಟೆ ಚಳಿಯ ಕಾರಣಕ್ಕಾಗಿ ಅಗಲವಾದ ಒಂದು ಅಂಗಿ ಎಂಬ ಸರಳ ಸತ್ಯಕ್ಕೆ ಸಿಕ್ಕ ಬೆಲೆ ಬಹಳ ಕಡಿಮೆ. ಆ ಸತ್ಯವೊಂದರಿಂದಲೇ ಜಗಳ ಪರಿಹಾರವಾಗುತ್ತಿತ್ತೆಂದು ಹೇಳಲಾಗದು, ಏಕೆಂದರೆ ಅವರ ನಿಜವಾದ ಪ್ರಶ್ನೆ ಬಟ್ಟೆಯದಲ್ಲ, ಆರಾಧನೆಯ ರೀತಿಯನ್ನು ಯಾರು ನಿರ್ಧರಿಸಬೇಕು ಎಂಬುದು. ಆದರೂ ಎರಡೂ ಕಡೆಯವರು ಅದಕ್ಕೆ ಕೊಟ್ಟ ಪಾವಿತ್ರ್ಯವೂ ಕಳಂಕವೂ ತಡವಾಗಿ ಸೇರಿಕೊಂಡಂಥವು ಎಂಬುದನ್ನು ಪದದ ಇತಿಹಾಸ ಬಲ್ಲವರು ಮರೆಯುವಂತಿಲ್ಲ.

ಶೇಕ್ಸ್‌ಪಿಯರನ ಕಾಲಕ್ಕೆ ಈ ಜಗಳ ನಾಟಕ ನೋಡಲು ಬರುವ ಜನಸಾಮಾನ್ಯರಿಗೂ ತಿಳಿದಿತ್ತು. ಅವನ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕದ ವಿದೂಷಕನ ಮಾತಿನಲ್ಲಿ ಪ್ಯೂರಿಟನ್ನರ ಕಪ್ಪು ಗೌನೂ ಅದರ ಮೇಲೆ ತೊಡುವ ಸರ್ಪ್ಲಿಸ್ಸೂ ಸೇರಿ ಒಂದು ನುಡಿಚಮತ್ಕಾರವಾಗಿ ಬರುತ್ತವೆ. 1603ರಲ್ಲಿ ಜೇಮ್ಸ್ ರಾಜನಿಗೆ ಪ್ಯೂರಿಟನ್ನರು ಒಪ್ಪಿಸಿದ ಮನವಿಯಲ್ಲಿ ಸರ್ಪ್ಲಿಸ್ಸಿಗಾಗಿ ಒತ್ತಾಯ ಮಾಡಬಾರದೆಂಬ ಕೋರಿಕೆಯೂ ಇತ್ತು. ಅದು ಈಡೇರಲಿಲ್ಲ. 1604ರ ಧರ್ಮಸಭೆಯ ಕಟ್ಟಳೆಗಳಲ್ಲಿ 58ನೆಯದು, ಆರಾಧನೆ ನಡೆಸುವ ಪ್ರತಿಯೊಬ್ಬ ಪಾದ್ರಿಯೂ ಯೋಗ್ಯವಾದ, ತೋಳುಳ್ಳ ಸರ್ಪ್ಲಿಸ್ ತೊಡಬೇಕೆಂದೂ ಅದರ ಖರ್ಚನ್ನು ಆಯಾ ಊರಿನ ಸಭೆಯೇ ಹೊರಬೇಕೆಂದೂ ವಿಧಿಸಿತು. ಆ ಕಾಲದ ಇಂಗ್ಲಿಷ್ ಹಳ್ಳಿಗಳ ಸಭಾಲೆಕ್ಕದ ಪುಸ್ತಕಗಳಲ್ಲಿ ಸರ್ಪ್ಲಿಸ್ ಹೊಲಿಸಿದ, ತೇಪೆ ಹಾಕಿಸಿದ, ಒಗೆಸಿದ ಕೂಲಿಗಳು ಮತ್ತೆ ಮತ್ತೆ ಕಾಣುತ್ತವೆ; ಪಂಡಿತರ ಗ್ರಂಥಗಳಿಗಿಂತ ಆ ಸಾಲುಗಳಲ್ಲಿ ಈ ಬಟ್ಟೆಯ ಬದುಕು ಹೆಚ್ಚು ಸ್ಪಷ್ಟವಾಗಿದೆ. ಮುಂದೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ, 1644ರಲ್ಲಿ ಪಾರ್ಲಿಮೆಂಟು ಇದನ್ನು ಮೂಢನಂಬಿಕೆಯ ಉಡುಪುಗಳ ಸಾಲಿಗೆ ಸೇರಿಸಿ ನಿಷೇಧಿಸಿತು. 1660ರಲ್ಲಿ ರಾಜರ ಆಳ್ವಿಕೆ ಮರಳಿದ ಮೇಲೆ ಸರ್ಪ್ಲಿಸ್ಸೂ ಮರಳಿತು. ಮದುವೆ ಮತ್ತು ಶವಸಂಸ್ಕಾರಗಳಿಗಾಗಿ ಪಾದ್ರಿಗೆ ಸಲ್ಲುವ ಕಾಣಿಕೆಗೆ ಇಂಗ್ಲಿಷಿನಲ್ಲಿ ಸರ್ಪ್ಲಿಸ್ ಶುಲ್ಕ ಎಂಬ ಹೆಸರೇ ನಿಂತಿತು.

ಸುಮಾರು ಇನ್ನೂರು ವರ್ಷಗಳ ನಂತರ ಎಕ್ಸಿಟರ್ ನಗರದಲ್ಲಿ ನಡೆದ ಗಲಭೆಯ ಕಾರಣ ಆ ಹಿಂದಿನ ನಿರಾಕರಣೆಯ ತಿರುವುಮುರುವು. ಆಗ ಪ್ರಾರ್ಥನೆಗಳನ್ನು ಸರ್ಪ್ಲಿಸ್ ತೊಟ್ಟು ಓದಿ, ಉಪದೇಶಕ್ಕೆ ಏರುವ ಮೊದಲು ಅದನ್ನು ತೆಗೆದು ಕಪ್ಪು ಗೌನು ತೊಡುವುದು ರೂಢಿಯಾಗಿತ್ತು. 1844ರಲ್ಲಿ ಬಿಷಪ್ ಫಿಲ್ಪಾಟ್ಸ್ ಉಪದೇಶವನ್ನೂ ಸರ್ಪ್ಲಿಸ್ಸಿನಲ್ಲಿಯೇ ಮಾಡಬೇಕೆಂದಾಗ, ಇದು ಸಭೆಯನ್ನು ರೋಮಿನ ಕಡೆಗೆ ಒಯ್ಯುವ ಹುನ್ನಾರವೆಂದು ಜನ ಶಂಕಿಸಿದರು. ಸೇಂಟ್ ಸಿಡ್ವೆಲ್ ದೇವಾಲಯದ ಪಾದ್ರಿ ಹಾಗೆ ಉಪದೇಶ ಮಾಡಿ ಹೊರಬಂದಾಗ ಗುಂಪು ಕೂಗಾಡುತ್ತ ಅವನ ಹಿಂದೆಯೇ ನಡೆಯಿತು. ಬಿಷಪ್ ತನ್ನ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ವಿಕ್ಟೋರಿಯಾ ಕಾಲದ ಕೊನೆಯ ಹೊತ್ತಿಗೆ ಈ ಉದ್ವೇಗವೆಲ್ಲ ಇಳಿದು, 1899ರಲ್ಲಿ ಪರ್ಸಿ ಡಿಯರ್ಮರ್ ಎಂಬ ಪಾದ್ರಿ ತನ್ನ ‘ಪಾರ್ಸನ್ಸ್ ಹ್ಯಾಂಡ್‌ಬುಕ್’ ಎಂಬ ಕೈಪಿಡಿಯಲ್ಲಿ, ಗಿಡ್ಡ ಬಟ್ಟೆಯನ್ನೂ ಅಂಚಿನ ಜಾಲರಿಯನ್ನೂ ಬಿಟ್ಟು ನೆರಿಗೆ ತುಂಬಿದ ಹಳೆಯ ಉದ್ದನೆಯ ರೂಪಕ್ಕೆ ಮರಳಬೇಕೆಂದು ವಾದಿಸಿದನು. ಆರಾಧನೆಯ ಉಡುಪನ್ನು ಹೊಲಿಯುವ ದುಡಿಮೆಗಾರರಿಗೆ ನ್ಯಾಯವಾದ ಕೂಲಿ ಸಿಗಬೇಕೆಂಬ ಕಳಕಳಿಯನ್ನೂ ಅವನು ಅದರೊಡನೆ ಸೇರಿಸಿದ್ದು ಗೌರವಕ್ಕೆ ತಕ್ಕ ಸಂಗತಿ.

ಭಾರತಕ್ಕೆ ಈ ಬಟ್ಟೆ ಎರಡು ದಾರಿಗಳಿಂದ ಬಂದಿತು. ಪಶ್ಚಿಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರ ಕಾಲದ ಕ್ಯಾಥೊಲಿಕ್ ಗುರುಗಳು. ಒಳನಾಡಿಗೆ ತಂದವರು ಬ್ರಿಟಿಷ್ ದಂಡಿನ ಪಾದ್ರಿಗಳು. ಬೆಂಗಳೂರಿನ ದಂಡಿನವರಿಗಾಗಿ 1808ರಲ್ಲಿ ಕಟ್ಟಲು ತೊಡಗಿದ ಸಂತ ಮಾರ್ಕರ ದೇವಾಲಯದಂಥ ಆಂಗ್ಲಿಕನ್ ಚರ್ಚುಗಳಲ್ಲಿ ಇಂಗ್ಲೆಂಡಿನ ನಿಯಮವೇ ನಡೆಯುತ್ತಿತ್ತು. ಉತ್ತರದ ಹಿಮದ ರಾತ್ರಿಗಳಿಗಾಗಿ ಅಗಲಗೊಂಡ ಅಂಗಿ ದಕ್ಷಿಣದ ಬಿಸಿಲಿನಲ್ಲಿಯೂ ಅದೇ ಅಗಲದಲ್ಲಿ ಉಳಿದದ್ದು ಹೀಗೆ. ಕ್ಯಾಥೊಲಿಕ್ ಸಭೆಯಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಆಲ್ಬ್ ಎಲ್ಲ ಸೇವಕರಿಗೂ ಸಾಮಾನ್ಯ ಉಡುಪೆನಿಸಿದ್ದರಿಂದ ಸರ್ಪ್ಲಿಸ್ಸಿನ ಬಳಕೆ ತಗ್ಗಿತು. ಭಾರತದಲ್ಲಿ ಅದಕ್ಕಿಂತಲೂ ಮುಂದಿನ ಹೆಜ್ಜೆಯೊಂದು ಬಿದ್ದದ್ದು 1969ರ ಏಪ್ರಿಲ್‌ನಲ್ಲಿ. ಬೆಂಗಳೂರಿನ ಆರ್ಚ್‌ಬಿಷಪ್ಪರಾಗಿದ್ದ ಡಿ. ಸೈಮನ್ ಲೂರ್ದುಸಾಮಿಯವರು ಭಾರತದ ಬಿಷಪ್ಪರ ಪರವಾಗಿ ಸಲ್ಲಿಸಿದ್ದ ಹನ್ನೆರಡು ಅಂಶಗಳ ಸೂಚನೆಗೆ ರೋಮಿನ ಒಪ್ಪಿಗೆ ದೊರೆತು, ಪೂಜೆಯ ಪಾಶ್ಚಾತ್ಯ ಉಡುಪುಗಳ ಬದಲಿಗೆ ಸರಳವಾದ ಒಂದು ನಿಲುವಂಗಿ ಮತ್ತು ಹೆಗಲಿಗೆ ಅಂಗವಸ್ತ್ರದ ರೀತಿಯ ಶಾಲು ಬರಬಹುದೆಂದಾಯಿತು. ಬೆಂಗಳೂರಿನ ರಾಷ್ಟ್ರೀಯ ಧರ್ಮಬೋಧನಾ ಕೇಂದ್ರದಲ್ಲಿ ಅವರ ಸೋದರ ಡಿ. ಎಸ್. ಅಮಲೋರ್ಪವದಾಸರು ಇಂಥ ಭಾರತೀಯ ಆರಾಧನಾ ರೀತಿಗಾಗಿ ಬಹುವಾಗಿ ದುಡಿದರು. ಈ ಮಾರ್ಪಾಟನ್ನು ಮೆಚ್ಚದ ಕ್ಯಾಥೊಲಿಕರೂ ಇದ್ದರು. ಆದರೆ ಆಯಾ ನಾಡಿನ ಹವೆಗೆ ತಕ್ಕಂತೆ ಉಡುಪನ್ನು ರೂಪಿಸಿಕೊಳ್ಳುವುದು 11ನೆಯ ಶತಮಾನದ ಕ್ಯಾನನ್ನರು ಮಾಡಿದ್ದೇ ಆದ್ದರಿಂದ, ಪರಂಪರೆಗೆ ಇದು ವಿರುದ್ಧವೆಂಬ ಮಾತು ಸರ್ಪ್ಲಿಸ್ಸಿನ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ.

ಕನ್ನಡನಾಡಿನ ಪ್ರಾಟೆಸ್ಟಂಟ್ ಚರಿತ್ರೆಯಲ್ಲಿ ಇನ್ನೊಂದು ಎಳೆಯಿದೆ. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಶನರಿ ಸೊಸೈಟಿಯಲ್ಲಿ ಹೆಚ್ಚಿನವರು ಕಾಂಗ್ರಿಗೇಷನಲ್ ಸಭೆಗಳವರು. ಪ್ರತಿಯೊಂದು ಊರಿನ ಸಭೆಯೂ ತನ್ನ ವ್ಯವಹಾರವನ್ನು ತಾನೇ ನಡೆಸಬೇಕೆಂಬ ನಿಲುವಿನ ಈ ಸಭೆಗಳು ಸರ್ಪ್ಲಿಸ್ ಒಲ್ಲೆವೆಂದ ಪ್ಯೂರಿಟನ್ನರ ಮುಂದಿನ ಪೀಳಿಗೆ. ಆ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದರು. ಹೀಗೆ ದಂಡಿನ ಚರ್ಚಿನಲ್ಲಿ ಸರ್ಪ್ಲಿಸ್ ತೊಟ್ಟವರೂ, ಅದನ್ನು ಬಿಟ್ಟವರ ವಾರಸುದಾರರೂ ಒಂದೇ ನಾಡಿನಲ್ಲಿ, ಸುಮಾರು ಒಂದೇ ಕಾಲದಲ್ಲಿ, ಬೇರೆ ಬೇರೆಯಾಗಿ ಕೆಲಸ ಮಾಡಿದರು. ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು 1908ರಲ್ಲಿ ಕೂಡಿ ದಕ್ಷಿಣ ಭಾರತದ ಸಂಯುಕ್ತ ಸಭೆಯಾದವು. ಆ ಸಭೆಯೂ ಆಂಗ್ಲಿಕನ್ನರೂ ಮೆಥಡಿಸ್ಟರೂ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಕತೀಡ್ರಲಿನಲ್ಲಿ ನೆರೆದು, ದಕ್ಷಿಣ ಭಾರತ ಸಭೆ ಎಂಬ ಒಂದೇ ಸಭೆಯಾಗಿ ಸೇರಿದರು. ಆಯಾ ಸಭೆಗಳು ರೂಢಿಸಿಕೊಂಡು ಬಂದ ಆರಾಧನೆಯ ರೀತಿಯನ್ನು ಬಲವಂತದಿಂದ ಬದಲಾಯಿಸಬಾರದೆಂಬ ಭರವಸೆಯೊಡನೆ ಆ ಐಕ್ಯ ಏರ್ಪಟ್ಟಿತು. 1603ರಲ್ಲಿ ಪ್ಯೂರಿಟನ್ನರು ಜೇಮ್ಸ್ ರಾಜನನ್ನು ಕೇಳಿ ಪಡೆಯಲಾಗದೆ ಹೋದದ್ದು ಅದೇ ಭರವಸೆಯನ್ನು.